ಮೈಕ್ ಆಫ್ ಆಗಿದ್ದ ಮದುವೆ

ಮದುವೆ ಮನೆಯಲ್ಲಿ ಫೋಟೋಗ್ರಾಫರನೇ ನಿಜವಾದ ಯಜಮಾನ ಅನ್ನೋದು ನಿಮಗೂ ಗೊತ್ತಿದೆ... ಪುರೋಹಿತರು ಬೇಕಾದರೆ ಮಂತ್ರ ನಿಲ್ಲಿಸುತ್ತಾರೆ, ಅವನು ಮಾತ್ರ ಕ್ಲಿಕ್ ಮಾಡೋದು ನಿಲ್ಲಿಸುವುದಿಲ್ಲ!

ದಾವಣಗೆರೆಯ ಗುರುಪಾದ ಅಂಥ ಒಬ್ಬ ಯಜಮಾನ. ಕೆಲಸದಲ್ಲಿ ಪಕ್ಕಾ, ಮಾತಿನಲ್ಲಿ ಸ್ವಲ್ಪ ಜೋರು.

ಒಂದು ದಿನ ಒಬ್ಬ ಹುಡುಗಿ ಅವನಿಗೆ ಫೋನ್ ಮಾಡಿದಳು.

"ಸರ್, ನನ್ನ ಹೆಸರು ಶಾಂಭವಿ. ನಮ್ಮ ಮದುವೆ ಶೂಟ್ ಮಾಡ್ಕೊಡ್ಬೇಕು. ಘಟ್ಟದ ಕೆಳಗಿನ ಮಳೆಕಾಡಲ್ಲಿ... ನಾನು, ಹುಡುಗ, ನೀವು. ಅಷ್ಟೇ ಜನ."

"ನೆಂಟರು ಯಾರೂ ಬರಲ್ವಾ?"

"ಇಲ್ಲ ಸರ್. ಹುಡುಗನ ಜಾತಿ ಬೇರೆ ಅಂತ ಅಪ್ಪ ಒಪ್ಪಿಲ್ಲ. ಆಮೇಲೆ ಸರ್, ವಿಡಿಯೋ ಬಗ್ಗೆ ಒಂದು ಮಾತು ಹೇಳ್ಬೇಕಿತ್ತು..."

"ಅದನ್ನೆಲ್ಲ ನಮಗೆ ಬಿಡಿ ಮೇಡಂ. ನೋಡಿದೋರು ಮೂಗಿನ ಮೇಲೆ ಬೆರಳಿಡ್ಬೇಕು, ಹಂಗೆ ಮಾಡ್ತೀನಿ" ಅಂತ ಗುರುಪಾದ ಫೋನ್ ಇಟ್ಟೇಬಿಟ್ಟ.

ಶಾಂಭವಿ ಮತ್ತು ರುದ್ರೇಶ ಕಾಲೇಜಿನ ಕಡೆಯಿಂದ ಕಪ್ಪೆಗಳ ಸರ್ವೆಗೆಂದು ಆ ಕಾಡಿಗೆ ಬಂದಾಗಲೇ ಪರಿಚಯವಾದವರು. ರಿಜಿಸ್ಟರ್ ಮದುವೆ ಆಗಿತ್ತು. ತಾಳಿ ಮಾತ್ರ ಅಲ್ಲೇ, ಮೊದಲು ಭೇಟಿಯಾದ ತೊರೆಯ ಪಕ್ಕವೇ ಕಟ್ಟಬೇಕು ಅಂತ ಇಬ್ಬರಿಗೂ ಆಸೆ.

ಜೀಪ್ ಇಳಿದ ಮೇಲೆ ಒಂದೇ ಸಮನೆ ನಡಿಗೆ. ಕಾಲಿಗೆ ಜಿಗಣೆ, ತಲೆ ಮೇಲೆ ಹನಿ, ಲೆನ್ಸ್ ಒರೆಸಿದಷ್ಟೂ ಮತ್ತೆ ಮಂಜು.

ಸಾಲದ್ದಕ್ಕೆ ಜೀರುಂಡೆಗಳ ಗಲಾಟೆ... ಕಿವಿ ಕಿತ್ತುಹೋಗುವಷ್ಟು!

"ಇದರಲ್ಲಿ ಏನ್ ರೆಕಾರ್ಡ್ ಆಗುತ್ತೆ ಮಣ್ಣು" ಅಂತ ಗೊಣಗಿಕೊಂಡು ಗುರುಪಾದ ಕ್ಯಾಮೆರಾದ ಮೈಕ್ ಆಫ್ ಮಾಡಿದ. ಎಡಿಟಿಂಗ್‌ನಲ್ಲಿ ಹೇಗೂ ಹಾಡು ಕೂರಿಸುವುದು ಅವನ ರೂಢಿ.

ತಾಳಿಗೆ ಮೊದಲು ಇಬ್ಬರೂ ಒಬ್ಬರಿಗೊಬ್ಬರು ಏನೋ ಮಾತು ಕೊಟ್ಟುಕೊಂಡರು. ತೊರೆಯ ಆಚೆ ದಡದಲ್ಲಿ ನಿಂತಿದ್ದ ಗುರುಪಾದನಿಗೆ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ.

ಎಲ್ಲ ಮುಗಿದ ಮೇಲೆ ಶಾಂಭವಿ ಓಡಿ ಬಂದಳು.

"ಸರ್, ನಾವು ಮಾತಾಡಿದ್ದು ಒಂಚೂರು ಕೇಳಿಸ್ತೀರಾ? ಅದನ್ನ ಅಮ್ಮನಿಗೆ ಇವತ್ತೇ ಕಳಿಸ್ಬೇಕು."

"ಬರೀ ಮಾತ್ಯಾಕೆ ಮೇಡಂ, ವಿಡಿಯೋನೇ ಕಳಿಸಿ. ನೋಡ್ಲಿ."

"ಅಮ್ಮನಿಗೆ ಕಣ್ಣು ಕಾಣಲ್ಲ ಸರ್... ಶುಗರ್‌ನಿಂದ ಹೋಯ್ತು. ಅವಳ ಪಾಲಿಗೆ ನನ್ನ ಮದುವೆ ಅಂದ್ರೆ ಆ ಮಾತೊಂದೇ. ಅವತ್ತು ಫೋನಲ್ಲಿ ಅದನ್ನೇ ಹೇಳೋಕೆ ಹೊರಟಿದ್ದೆ."

ಗುರುಪಾದನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮೈಕ್ ಆಫ್ ಇತ್ತು ಮೇಡಂ... ತಪ್ಪಾಯ್ತು."

ಶಾಂಭವಿ ಬೈಯಲಿಲ್ಲ. ಅಲ್ಲೇ ಬಂಡೆಯ ಮೇಲೆ ಕುಸಿದು ಕೂತು ಅತ್ತಳು.

"ಇನ್ನೊಂದ್ಸಲ ಹೇಳೋಣ್ವಾ?" ಅಂದ ರುದ್ರೇಶ.

"ಬೇಡ. ಈಗ ಹೇಳಿದ್ರೆ ನಾಟಕ ಆಗುತ್ತೆ. ನನ್ನ ದನೀಲಿ ಸುಳ್ಳಿದ್ರೆ ಅಮ್ಮನಿಗೆ ತಕ್ಷಣ ಗೊತ್ತಾಗುತ್ತೆ."

ಆಮೇಲೆ ಗುರುಪಾದ ತನ್ನ ಫೋನ್ ತೆಗೆದು, ರೆಕಾರ್ಡಿಂಗ್ ಆನ್ ಮಾಡಿ, ತಾನೇ ಶುರು ಮಾಡಿದ.

"ಅಮ್ಮ, ನಾನು ಫೋಟೋಗ್ರಾಫರ್ ಗುರುಪಾದ. ನಿಮ್ಮ ಮಗಳ ಮಾತು ಕಳೆದೋನು ನಾನೇ. ನಾನು ಕಂಡಿದ್ದನ್ನಾದ್ರೂ ಹೇಳ್ತೀನಿ, ಕೇಳಿ..."

"ನಿಮ್ಮ ಮಗಳು ಹಸಿರು ಸೀರೆ ಉಟ್ಟಿದಾಳೆ. ಅಂಚೆಲ್ಲ ಕೆಸರು. ಹಾರ ಹಾಕೋ ಹೊತ್ತಿಗೆ ಹುಡುಗನ ಕುತ್ತಿಗೇಲಿ ಜಿಗಣೆ ಕಂಡ್ತು... ಮೊದಲು ಅದನ್ನ ಕಿತ್ತೆಸೆದು, ಆಮೇಲೆ ಹಾರ ಹಾಕಿದ್ಲು!"

"ತಾಳಿ ಕಟ್ಟೋವಾಗ ಜಡೆ ಎತ್ತಿ ಹಿಡಿಯೋಕೆ ಯಾರೂ ಇರ್ಲಿಲ್ಲ. ತಾನೇ ಹಿಡ್ಕೊಂಡ್ಲು."

ಅವನು ಫೋನನ್ನು ಬಾಯಿಗೆ ಇನ್ನೂ ಹತ್ತಿರ ತಂದುಕೊಂಡ.

"ಅದಕ್ಕೂ ಮೊದ್ಲು ಒಂದು ನಡೀತಮ್ಮ. ಹುಡುಗನ ಕೈ ಮೇಲೆ ಕೈ ಇಟ್ಕೊಂಡು ಸುಮ್ನೆ ನಿಂತ್ಬಿಟ್ಲು. ಬೆಳಕು ಹೋಗುತ್ತೆ, ಬೇಗ ಮಾಡಿ ಅಂತ ನಾನು ಕೂಗಾಡಿದೆ. ಅವಳು ಅಲ್ಲಾಡ್ಲಿಲ್ಲ. ಅದು ಅಪ್ಪ ಧಾರೆ ಎರೆಯೋ ಹೊತ್ತು ಅಂತ ನನಗೆ ಈಗ ಹೊಳೀತಿದೆ... ಅಪ್ಪನ ಜಾಗವನ್ನ ಖಾಲಿ ಬಿಟ್ಟು ನಿಂತಿದ್ಲು ನಿಮ್ಮ ಮಗಳು."

ಜೀರುಂಡೆ ಸದ್ದು, ತೊರೆ ಸದ್ದು, ಶಾಂಭವಿ ಬಿಕ್ಕಿದ್ದು ಎಲ್ಲ ಅದರಲ್ಲೇ ರೆಕಾರ್ಡ್ ಆಯಿತು.

ಘಟ್ಟ ಹತ್ತುವಾಗ ನೆಟ್‌ವರ್ಕ್ ಸಿಕ್ಕಿದ ಕೂಡಲೇ ಕಳಿಸಿದರು. ಊಟಕ್ಕೆ ಹೋಟೆಲಿನಲ್ಲಿ ಕೂತಿದ್ದಾಗ ಅಮ್ಮನಿಂದ ವಾಯ್ಸ್ ಮೆಸೇಜ್ ಬಂತು. ಶಾಂಭವಿ ಆನ್ ಮಾಡಿದಳು.

"ಶಾಂಭವೀ... ಕೇಳಿಸ್ಕೊಂಡೆ ಕಣೇ. ನಾನೇ ಮುಂದೆ ಕೂತು ನೋಡಿದಂಗಾಯ್ತು. ಆ ಫೋಟೋದವರಿಗೆ ಏನೂ ಅನ್ಬೇಡ."

"ನಂಗೆ ಫೋನ್ ಒತ್ತೋಕೆ ಬರಲ್ವಲ್ಲ... ನಿಮ್ಮಪ್ಪನಿಗೇ ಹಾಕಿ ಅಂದೆ. ನಾನು ಅಂದಿದ್ದು ಒಂದೇ ಸಲ ಕಣೇ. ಅವರು ಆಗಿನಿಂದ ಮತ್ತೆ ಮತ್ತೆ ಹಾಕ್ತಾನೇ ಇದಾರೆ..."

"ಈಗ್ಲೂ ಫೋನ್ ಹಿಡ್ಕೊಂಡಿರೋದು ಅವರೇ."

ಆಮೇಲೆ ಒಬ್ಬ ಗಂಡಸು ಮೂಗೇರಿಸಿಕೊಂಡ ಸದ್ದು ಮಾತ್ರ ಕೇಳಿ, ಮೆಸೇಜ್ ಮುಗಿಯಿತು.

*ಯಾರಿಗಾಗಿ ಮಾಡುತ್ತಿದ್ದೇವೆ ಎಂದು ಮೊದಲೇ ಕೇಳಿಕೊಂಡರೆ, ನಮ್ಮ ಕೆಲಸ ಮುಚ್ಚಿದ ಬಾಗಿಲನ್ನೂ ತೆರೆಸೀತು.*

ನಿಮ್ಮ ಎದುರಿಗೆ ಇವತ್ತು ಯಾರೋ "ಒಂದು ಮಾತು ಹೇಳಬೇಕಿತ್ತು" ಅಂದಾಗ... ನೀವು ಕೇಳಿಸಿಕೊಂಡಿರಾ?