ಚಿಕ್ಕಪ್ಪನ ಕೈಯ ವಿದ್ಯೆ

ಈಗಲೂ ಒಣಕೊಬ್ಬರಿಯ ವಾಸನೆ ಬಂದರೆ ಜಾವಗಲ್ಲಿನ ನಮ್ಮ ಮನೆ ಅಟ್ಟದ ಆ ಮಧ್ಯಾಹ್ನ ನೆನಪಾಗುತ್ತದೆ.

ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಕುಲುಕಬೇಕು. ಒಳಗೆ ಗಡಗಡ ಅಂದರೆ ಕೊಬ್ಬರಿಯಾಗಿದೆ ಎಂದರ್ಥ. ಅಜ್ಜಿ, ಚಿಕ್ಕಪ್ಪ, ನಾನು ಧೂಳಿನಲ್ಲಿ ಕೂತು ಕಾಯಿ ಆರಿಸುತ್ತಿದ್ದೆವು. ನಾನು ಎರಡೂ ಕೈಯಲ್ಲಿ ಕುಲುಕಿ ಕುಲುಕಿ ಸುಸ್ತಾಗಿದ್ದೆ. ಚಿಕ್ಕಪ್ಪ ಸುಮ್ಮನೆ ಹಿಡಿದರೆ ಸಾಕು, ಕಾಯಿ ತಾನಾಗಿಯೇ ಸದ್ದು ಮಾಡುತ್ತಿತ್ತು.

"ನಂಗೂ ಹೇಳ್ಕೊಡು ಚಿಕ್ಕಪ್ಪ" ಅಂತ ಗೋಗರೆದೆ.

ಅವನ ಹಣೆಯೆಲ್ಲ ಬೆವರು. "ಬ್ಯಾಡ ಕಣವ್ವ, ಇದು ನಿಂಗೆ ಬ್ಯಾಡ" ಅಂದ.

ಅಜ್ಜಿ ಅವನ ಕೈಯನ್ನು ತನ್ನ ನಾರು ಮೆತ್ತಿದ ಅಂಗೈಗಳ ನಡುವೆ ಒತ್ತಿ ಹಿಡಿದಳು. "ಕುಡೀದೆ ನಾಕು ದಿನ ಕಳ್ದಿದೀಯ. ಇನ್ನೊಂದು ನಾಕು ದಿನ ತಡ್ಕೊ ಮಗ, ನಾನಿಲ್ವಾ" ಅಂದಳು.

ನಾನು ಮಾತ್ರ ಕೆಳಗಿಳಿದು ಬೀದಿಯಲ್ಲೆಲ್ಲ ಚಿಕ್ಕಪ್ಪನ ವಿದ್ಯೆಯನ್ನು ಹೊಗಳಿ ಬಂದೆ.

ಮುಂದಿನ ವರ್ಷ ಮತ್ತೆ ಅಟ್ಟ ಹತ್ತಿದೆವು. ನಾನು ಕುಲುಕಿದರೆ ಗಡಗಡ ಅನ್ನುವ ಕಾಯಿ ಚಿಕ್ಕಪ್ಪನ ಕೈಯಲ್ಲಿ ಸುಮ್ಮನೆ ಕೂತಿತ್ತು.

"ಅಜ್ಜೀ, ಚಿಕ್ಕಪ್ಪಂಗೆ ಎಲ್ಲಾ ಮರ್ತೋಗೈತೆ!" ಅಂತ ನಾನು ಅಳತೊಡಗಿದೆ.

ಅಜ್ಜಿ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮರ್ತೋಗ್ಲಿ ಬಿಡವ್ವ."