ಫಕ್ಕೀರೇಶನ ದನಿ

ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವವಳು ಶಕುಂತಲಾ. ದನಿ ಮಾತ್ರ ಸತ್ತುಹೋದ ಫಕ್ಕೀರೇಶನದು. ಗೋದಾಮುಗಳಲ್ಲಿ ಕದ್ದುಮುಚ್ಚಿ ತನ್ನದೇ ಹಾಡು ಹಾಡುತ್ತಿದ್ದವನು ಅವನು. ರೇಡಿಯೋದಲ್ಲಿ ಹಾಡಿದವರು ಸತ್ತರೆ ಸರ್ಕಾರ ಅವರ ದನಿಯನ್ನು ಗಾಜಿನ ಭರಣಿಯಲ್ಲಿ ಇಡುತ್ತದೆ. ಫಕ್ಕೀರೇಶನಂಥವರಿಗೆ ಬದುಕಿರುವವರ ಗಂಟಲೇ ಗತಿ. ಇನ್ನೊಬ್ಬರು ತೆಗೆದುಕೊಳ್ಳುವ ಮೊದಲೇ ಉಗುಳಿದರೆ ಶಕುಂತಲಾಳಿಗೆ ತನ್ನ ದನಿ ಮರಳುತ್ತದೆ, ಅವನದು ಇಲ್ಲವಾಗುತ್ತದೆ.

ವರ್ಷಕ್ಕೊಬ್ಬರು ಆ ದನಿ ಇಟ್ಟುಕೊಳ್ಳೋಣವೆಂದು ಅವನ ಗೆಳೆಯರೆಲ್ಲ ಒಪ್ಪಿದ್ದರು. ಮೊದಲ ಸರದಿ ಶಕುಂತಲಾಳದು. ಇದು ಒಂಬತ್ತನೆಯ ವರ್ಷ.

ಇವತ್ತು ಅವನ ಪುಣ್ಯತಿಥಿ. ಎಲ್ಲರೂ ಬಂದು ಬೆಂಚಿನ ಮೇಲೆ ಕೂತು, ಗದಗ ಬಸ್ಸಿನ ಘೋಷಣೆ ಕೇಳಿ ಕಣ್ಣೊರೆಸಿಕೊಂಡರು.

"ಈ ಸಲ ನೀ ತಗೊಳ್ಳೋ ಮಲ್ಲೇಶಿ," ಎಂದಳು ಶಕುಂತಲಾ.

"ಮಗಳ ಲಗ್ನ ಐತಿ ಅಕ್ಕಾ. ಬೀಗರ ಮುಂದ ಸತ್ತವನ ದನೀಲೆ ಹೆಂಗ ಮಾತಾಡ್ಲಿ? ನಿನ್ನ ಗಂಟಲಾಗ ಅವ ಆರಾಮ ಅದಾನ, ಇರ್ಲಿ ಬಿಡು."

ಉಳಿದವರು ಚಹಾದ ಕಪ್ಪು ನೋಡುತ್ತ ಕೂತರು.

ಅಷ್ಟರಲ್ಲಿ ಗದಗಿನಿಂದ ಶಕುಂತಲಾಳ ತಂಗಿ ಫೋನ್ ಮಾಡಿ ಅವ್ವನ ಕೈಗೆ ಕೊಟ್ಟಳು. ಅವ್ವನಿಗೆ ಈಚೆಗೆ ಮರೆವು. ಮಗಳ ಗಂಟಲಿನ ಸಂಗತಿ ನೆನಪಿಲ್ಲ.

"ಅವ್ವಾ, ನಾ ಶಕುಂತಲಾ."

"ಯಾಕ ಚ್ಯಾಷ್ಟಿ ಮಾಡ್ತೀಯಪಾ? ಫೋನು ನನ್ನ ಮಗಳಿಗೆ ಕೊಡು. ಆಕಿ ದನಿ ಕೇಳಿ ಭಾಳ ದಿನ ಆತು."

ಶಕುಂತಲಾ ಗಂಟಲು ಕೆರೆದಳು. ಬೆಂಚಿನ ಮೇಲಿದ್ದವರೆಲ್ಲ ಗಾಬರಿಯಿಂದ ಎದ್ದು ನಿಂತರು.

ಅವಳು ಉಗುಳು ನುಂಗಿಕೊಂಡಳು.

"ತಡೀರಿ ಅಮ್ಮಾರ," ಎಂದಿತು ಫಕ್ಕೀರೇಶನ ದನಿ. "ಆಕಿ ಬಂದ ಕೂಡ್ಲೆ ಕೊಡ್ತೀನಿ."