ಗಾಳಿ ಬೀಸದ ದಿನದ ಮದುವೆ

ಮೂರು ಹೇರ್ ಡ್ರೈಯರ್‌ಗಳು ಒಟ್ಟಿಗೆ ಗುಂಯ್‌ಗುಟ್ಟಿದ್ದೇ ತಡ, ಡೋಲಿನಾಳ ಮನೆಯ ಕರೆಂಟು ಹೋಯಿತು. ಕನ್ನಡಿಯ ಮುಂದೆ ಮದುಮಗಳು ಮಾರ್ಸಾಲಿ ನೀರು ಸೋರುವ ತಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಗೆಳತಿಯರಿಬ್ಬರದ್ದೂ ಅದೇ ಪಾಡು. ಮದುವೆಗೆ ಉಳಿದಿದ್ದು ಇನ್ನೊಂದೇ ಗಂಟೆ.

"ರೂರಿಗೆ ಫೋನ್ ಮಾಡ್ರೇ," ಎಂದಳು ಡೋಲಿನಾ, ಬಾಚಣಿಗೆ ಬಾಯಲ್ಲಿ ಕಚ್ಚಿಕೊಂಡೇ.

ಮಾಡುವುದೇನೋ ಸರಿ, ಆದರೆ ರೂರಿಯೇ ಮದುಮಗ. ಆ ಪುಟ್ಟ ದ್ವೀಪಕ್ಕೆಲ್ಲ ಕರೆಂಟು ಕೊಡುವ ನಾಲ್ಕು ಗಾಳಿಯಂತ್ರಗಳನ್ನೂ ಬ್ಯಾಟರಿಗಳನ್ನೂ ನೋಡಿಕೊಳ್ಳುವವನು ಅವನೇ. ಯಾವ ಮನೆ ತನ್ನ ಪಾಲಿಗಿಂತ ಹೆಚ್ಚು ಎಳೆದರೂ ಫ್ಯೂಸ್ ಹಾರುತ್ತಿತ್ತು. ಮತ್ತೆ ಅವನೇ ಬಂದು ಹಾಕಬೇಕು. ಮದುವೆಗೆ ಮೊದಲು ಹೆಣ್ಣಿನ ಮುಖ ನೋಡಬಾರದೆಂದು ಅವನು ಮದುವೆಗೆಂದು ಉಟ್ಟ ಚೌಕಳಿ ಲಂಗದಂಥ ಕಿಲ್ಟು, ರಬ್ಬರ್ ಬೂಟಿನಲ್ಲಿ ಬಾಗಿಲಾಚೆಯೇ ನಿಂತ.

"ಯಾರದು ಡ್ರೈಯರ್ ಹಾಕಿದ್ದು? ಕಾಯಿಸೋ ಸಾಮಾನು ಯಾವುದೂ ಹಾಕ್ಬೇಡಿ ಅಂತ ನಿನ್ನೇನೇ ಹೇಳಿದ್ನಲ್ಲ!"

"ನಿನ್ನ ಹೆಂಡ್ತಿ ಆಗೋಳು ಕಣೋ!" ಎಂದಳು ಡೋಲಿನಾ ಒಳಗಿಂದಲೇ.

ಹೊರಗೆ ಫ್ಯೂಸ್ ಪೆಟ್ಟಿಗೆ ತೆರೆದ ಸದ್ದಾಯಿತು. "ದೀಪಕ್ಕೆ ಮಾತ್ರ ಕೊಡ್ತೀನಿ."

ಮಾರ್ಸಾಲಿ ಎದ್ದು ಬಾಗಿಲ ಹತ್ತಿರ ಬಂದಳು. "ರೂರಿ, ಹತ್ತೇ ನಿಮಿಷ. ಒಂದೇ ಡ್ರೈಯರ್."

"ನಿನಗೆ ಹತ್ತು ನಿಮಿಷ ಕೊಟ್ರೆ ಮೂವತ್ತು ಮನೆಗೂ ಕೊಡ್ಬೇಕು. ಎಲ್ಲರೂ ಮದುವೆಗೆ ಹೊರಟೋರೇ, ಎಲ್ಲರ ತಲೇನೂ ಒದ್ದೇನೇ."

"ಗಾಳಿ ಬಂದಾಗ ತೂರಿಕೊಳ್ಳೋ ಗಂಡು ಸಿಗ್ಲಿಲ್ಲ ನಂಗೆ. ಗಾಳೀನ ಗಂಟು ಕಟ್ಟಿ ಅದರ ಮೇಲೇ ಕೂತ್ಕೊಳ್ಳೋನು ಸಿಕ್ಕ!"

ಒಳಗಿದ್ದವರೆಲ್ಲ ಗೊಳ್ಳೆಂದರು. ರೂರಿ ನಗಲಿಲ್ಲ.

"ನಾಲ್ಕು ದಿನದಿಂದ ಹುಲ್ಲುಕಡ್ಡಿ ಅಲ್ಲಾಡಿಲ್ಲ. ಕೆಟ್ಟು ಕೂತಿರೋ ಡೀಸೆಲ್ ಜನರೇಟರಿನ ಬಿಡಿಭಾಗ ಬರೋದು ಸೋಮವಾರದ ಹಡಗಲ್ಲಿ. ನಮ್ಮ ಮದುವೆ ಊಟಕ್ಕೇ ತಣ್ಣನೆ ಮೀನು ಸಾಕು ಅಂದಿದೀನಿ. ಬ್ಯಾಟರೀಲಿ ಇರೋ ಚೂರುಪಾರಲ್ಲೇ ನಾಳೆ ಮಧ್ಯಾಹ್ನ ಗಾಳಿ ಏಳೋವರೆಗೂ ಎಫಿ ಅಜ್ಜಿಯ ಆಮ್ಲಜನಕದ ಯಂತ್ರ ಓಡ್ಬೇಕು, ಮಾರ್ಸಾಲಿ. ನನ್ನ ಅಂದಾಜು ತಪ್ಪಿತು ಅಂದ್ರೆ..."

ಮಾರ್ಸಾಲಿ ಒಳಗೆ ಹೋಗಿ ಮೂರೂ ಪ್ಲಗ್ ಕಿತ್ತಳು. "ಟವೆಲ್ ಕೊಡು, ಡೋಲಿನಾ."

ಗೆಳತಿಯರು ಸರದಿಯ ಮೇಲೆ ಅವಳ ತಲೆ ಉಜ್ಜಿದರು. ಅಂಗಳದಲ್ಲಿ ನಿಂತು ಕೂದಲು ಕೊಡವಿದ್ದೂ ಆಯಿತು. ಗಾಳಿಯೇ ಇಲ್ಲದ ಮೇಲೆ ಒಣಗುವುದೆಲ್ಲಿ? ಕೊನೆಗೆ ಹಾಗೇ ಎತ್ತಿ ಗಂಟು ಹಾಕಿ, ಮುಸುಕು ಸಿಕ್ಕಿಸಿ ಓಡಿದರು.

ಚರ್ಚಿನ ಬಾಗಿಲಲ್ಲಿ ಎಫಿ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದು ಗಾಲಿಕುರ್ಚಿಯಲ್ಲಿ ಕೂತಿದ್ದಳು, ತೊಡೆಯ ಮೇಲೆ ಒಂದೆರಡು ಗಂಟೆಗಾಗುವಷ್ಟು ಆಮ್ಲಜನಕದ ಪುಟ್ಟ ಸಿಲಿಂಡರ್. ಮದುಮಗಳನ್ನು ಬಗ್ಗಿಸಿ, ಕೆನ್ನೆಗೆ ಮುತ್ತಿಟ್ಟು, ತಲೆ ನೇವರಿಸಿದಳು. ಅಂಗೈ ಒದ್ದೆಯಾಯಿತು.

"ಏನೇ ಇದು! ಮದುವೆ ದಿನಾನೂ ತಲೆ ಒಣಗಿಸ್ಕೊಳ್ಳೋಕೆ ಸೋಮಾರಿತನವಾ?"

"ಹೂಂ ಅಜ್ಜಿ," ಎಂದಳು ಮಾರ್ಸಾಲಿ ನಗುತ್ತ, "ಏಳೋದೇ ತಡ ಆಗೋಯ್ತು."